ಒಂದೇ ವಾರದಲ್ಲಿ ಎರಡೂ ಕರುಗಳ ಓಲೆ ಬಿದ್ದವು: ಯಾವುದು ಯಾರ ಮಗಳು?

ಕರುಹಟ್ಟಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಜೆರ್ಸಿ ಹೆಣ್ಗರುಗಳಿವೆ. ಐದು ತಿಂಗಳು ತುಂಬಿದೆ. ಎರಡೂ ಒಂದೇ ರಾತ್ರಿ ಹುಟ್ಟಿದವು. ಒಂದು ಕೆಂಪಿಯ ಮಗಳು, ಇನ್ನೊಂದು ಚಿನ್ನಿಯ ಮಗಳು. ಹೋರಿಗಳೂ ಬೇರೆ ಬೇರೆ. ಕೆಂಪಿಯ ಕರುವಿಗೆ 41, ಚಿನ್ನಿಯ ಕರುವಿಗೆ 42 ಅಂತ ಎಡಗಿವಿಗೆ ಓಲೆ ಹಾಕಿದ್ದೆ.

ಹೋದ ವಾರ 41ರ ಓಲೆ ಕಳಚಿ ಹುಲ್ಲಿನ ಕಂಬಿಯ ಕೆಳಗೆ ಬಿದ್ದಿತ್ತು. ಮೊಳೆ ಮುರಿದಿತ್ತು, ಕಿವಿಗೆ ಏನೂ ಆಗಿರಲಿಲ್ಲ. 42 ಇನ್ನೂ ಇದೆಯಲ್ಲ, ಓಲೆ ಇಲ್ಲದ್ದೇ 41, ನಾಳೆ ಹಾಕಿದರಾಯ್ತು ಅಂತ ಬಿಟ್ಟೆ. ನಾಲ್ಕು ದಿನ ಬಿಟ್ಟು ನೋಡಿದರೆ 42 ಕೂಡ ಇಲ್ಲ. ಎಲ್ಲಿ ಬಿತ್ತೋ ಗೊತ್ತಿಲ್ಲ. ಈಗ ಎರಡರ ಕಿವಿಯಲ್ಲೂ ಒಂದೊಂದು ತೂತು. ಬಣ್ಣ ಒಂದೇ. ಒಂದು ಸ್ವಲ್ಪ ದೊಡ್ಡದು, ಅಷ್ಟೇ.

ದೊಡ್ಡದೇ 41 ಅಂತ ನನಗೆ ಅನಿಸುತ್ತೆ. ಮನೆಯವರೂ ಹಾಗೇ ಅಂತಾರೆ. ತಳಿ ಸಂಘಕ್ಕೆ ನೋಂದಣಿ ಅರ್ಜಿ ಕಳಿಸುವ ಹೊತ್ತು ಬಂದಿದೆ. ಅಂದಾಜಿನ ಮೇಲೆ ಓಲೆ ಹಾಕಿಬಿಡಲಾ?

ಹಳೇಪುಸ್ತಕ

ಹಾಕಬೇಡಿ. ದಯವಿಟ್ಟು ಇವತ್ತು ಹಾಕಬೇಡಿ.

ಓಲೆ ಒಮ್ಮೆ ಕಿವಿಗೆ ಹೋದರೆ ಅಂದಾಜು ಅನ್ನುವುದು ಅಲ್ಲಿಗೆ ಮರೆತುಹೋಗುತ್ತೆ. ಒಂದು ವರ್ಷ ಕಳೆದರೆ ನಿಮಗೇ ನೆನಪಿರುವುದಿಲ್ಲ. ಆಮೇಲೆ ಅದು ಕರು ಹಾಕುತ್ತೆ, ಆ ಕರುವಿಗೂ ವಂಶಾವಳಿಯ ಕಾಗದ ಆಗುತ್ತೆ. ಮೂರನೇ ತಲೆಮಾರಿನಲ್ಲಿ ಯಾರೋ ಅದನ್ನು ನಂಬಿ ಹೋರಿ ಆರಿಸುತ್ತಾರೆ. ಎಲ್ಲದರ ಬುಡದಲ್ಲಿ ನಿಮ್ಮ ಒಂದು "ಅನಿಸುತ್ತೆ" ಇರುತ್ತೆ.

ಈಗ ಮಾಡಬೇಕಾದ್ದು ಇಷ್ಟು. ಎರಡಕ್ಕೂ ಬೇರೆ ಬಣ್ಣದ ಕೊರಳಪಟ್ಟಿ ಹಾಕಿ. 41, 42 ಅಂತ ಬರೆಯಬೇಡಿ. "ಕೆಂಪು ಪಟ್ಟಿ", "ನೀಲಿ ಪಟ್ಟಿ" ಅಂತ ಮಾತ್ರ ಕರೆಯಿರಿ. ಪುಸ್ತಕದಲ್ಲಿ ಇವತ್ತಿನ ತಾರೀಕು ಹಾಕಿ, ಓಲೆ ಬಿದ್ದದ್ದನ್ನು ಹಾಗೇ ಬರೆಯಿರಿ. ಬಿದ್ದ ಓಲೆ ಸಿಕ್ಕಿದೆಯಲ್ಲ, ಅದನ್ನು ಎಸೆಯಬೇಡಿ.

ಇನ್ನು ಮೂರು ಪ್ರಶ್ನೆ. ಕಿವಿಯೊಳಗೆ ನಂಬರಿನ ಹಚ್ಚೆ ಹಾಕಿಸಿದ್ದೀರಾ? ಹುಟ್ಟಿದ ದಿನದ ಫೋಟೋ ಇದೆಯಾ? ಹುಟ್ಟಿ ಎಷ್ಟು ಹೊತ್ತಿಗೆ ಓಲೆ ಹಾಕಿದಿರಿ?

ಕರುಹಟ್ಟಿ

ಹಚ್ಚೆ ಇಲ್ಲ. ಫೋಟೋ ಒಂದು ಇದೆ. ಮರುದಿನ ಬೆಳಿಗ್ಗೆ ಕೆಂಪಿಯ ಕೆಚ್ಚಲಿಗೆ ಬಾಯಿ ಹಾಕಿದ ಕರುವಿನದು. ಹಣೆ ಕಾಣುತ್ತೆ. ಓಲೆ ಹಾಕಿದ್ದು ನಾಲ್ಕನೇ ದಿನ. ಎರಡು ಹಸುಗಳೂ ಒಂದೇ ಕೋಣೆಯಲ್ಲಿ ಈದಿದ್ದವು. ನಾನು ಬೆಳಿಗ್ಗೆ ಐದಕ್ಕೆ ಹೋಗಿ ನೋಡಿದಾಗ ಎರಡೂ ಕರು ಎದ್ದು ನಿಂತಿದ್ದವು. ಕೆಂಪಿಯ ಹತ್ತಿರ ಇದ್ದದ್ದು ಕೆಂಪಿಯದು ಅಂತ ತಗೊಂಡೆ.

ಹಳೇಪುಸ್ತಕ

ಫೋಟೋದಲ್ಲಿ ಹಣೆಯ ಸುಳಿ ನೋಡಿ. ಸುಳಿ ಬೆಳೆದರೂ ಜಾಗ ಬದಲಿಸುವುದಿಲ್ಲ. ಎರಡು ಕಣ್ಣಿಗೆ ಅಡ್ಡಗೆರೆ ಎಳೆದ ಹಾಗೆ ಊಹಿಸಿ, ಸುಳಿ ಆ ಗೆರೆಗೆ ಮೇಲಿದೆಯಾ ಕೆಳಗಿದೆಯಾ, ನಡುವೆ ಇದೆಯಾ ಪಕ್ಕಕ್ಕಿದೆಯಾ ಅಂತ ಗುರುತು ಮಾಡಿ. ಆಮೇಲೆ ಈಗಿನ ಎರಡೂ ಕರುಗಳ ಹಣೆಯನ್ನು ಎದುರಿನಿಂದ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿ.

ಆದರೆ ನಿಮ್ಮ ಕೊನೆಯ ಸಾಲು ಓದಿ ನನಗೆ ಬೇರೆ ಚಿಂತೆ ಶುರುವಾಗಿದೆ. ಡಾಕ್ಟರಮ್ಮ ಇದನ್ನು ನೋಡಲಿ.

ಪಶುವೈದ್ಯೆ

ನೋಡಿದೆ. ಇಲ್ಲಿ ಪ್ರಶ್ನೆ ಎರಡು, ಒಂದಲ್ಲ.

ಮೊದಲನೆಯದು, ಬಿದ್ದ 41 ಯಾವ ಕರುವಿನ ಕಿವಿಯಿಂದ ಬಿತ್ತು. ಇದಕ್ಕೆ ಸುಳಿ ಉತ್ತರ ಕೊಡಬಹುದು. ಎರಡನೆಯದು, 41ನ್ನು ಹಾಕಿದ ದಿನವೇ ಅದು ಸರಿಯಾದ ಕರುವಿಗೆ ಹೋಗಿತ್ತಾ. ಇದಕ್ಕೆ ಸುಳಿ ಉತ್ತರ ಕೊಡುವುದಿಲ್ಲ.

ಈಯಲು ಹತ್ತಿರವಾದ ಹಸುವಿಗೆ ಯಾವ ಕರು ಕಂಡರೂ ತನ್ನದು ಅನಿಸುತ್ತೆ. ಪಕ್ಕದ ಹಸು ಈದ ನೀರು ನೆಲಕ್ಕೆ ಬಿದ್ದ ವಾಸನೆಗೇ ಹೋಗಿ ನಿಲ್ಲುತ್ತೆ. ತಾನಿನ್ನೂ ಈದಿರುವುದಿಲ್ಲ, ಆಗಲೇ ಪಕ್ಕದವಳ ಕರುವನ್ನು ನೆಕ್ಕಿ ಒಣಗಿಸಿ ಹಾಲೂ ಕುಡಿಸಿರುತ್ತೆ. ಆಮೇಲೆ ತನ್ನದು ಹುಟ್ಟಿದಾಗ ಅದನ್ನು ಬಿಟ್ಟೂ ಬಿಡಬಹುದು. ಒಂದೇ ಕೋಣೆಯಲ್ಲಿ ಎರಡು ಹಸು ಈದರೆ ಬೆಳಿಗ್ಗೆ ಯಾವ ಕರು ಯಾರ ಹತ್ತಿರ ನಿಂತಿದೆ ಅನ್ನುವುದು ಸಾಕ್ಷಿ ಅಲ್ಲ.

ಹಾಗಾಗಿ ಡಿಎನ್‌ಎ ಪರೀಕ್ಷೆ ಮಾಡಿಸಿ. ಎರಡು ಕರು, ಎರಡು ತಾಯಿ, ನಾಲ್ಕೂ ಮಾದರಿ ಕಳಿಸಿ. ಹೋರಿಗಳ ವಿಷಯ ಹೇಳಿ, ಕೃತಕ ಗರ್ಭಧಾರಣೆನಾ, ಕೊಟ್ಟಿಗೆಯ ಹೋರಿನಾ?

ಕರುಹಟ್ಟಿ

ಎರಡೂ ಕೃತಕ ಗರ್ಭಧಾರಣೆ, ಮೇಡಂ. ವೀರ್ಯ ತುಂಬಿ ಬಂದಿದ್ದ ಖಾಲಿ ಕಡ್ಡಿಗಳನ್ನು ಪುಸ್ತಕಕ್ಕೆ ಅಂಟಿಸಿಟ್ಟಿದ್ದೇನೆ. ಹೋರಿಯ ಕೋಡ್ ಓದಲು ಬರುತ್ತೆ.

ಪಶುವೈದ್ಯೆ

ಕಡ್ಡಿ ಇಟ್ಟದ್ದು ತುಂಬಾ ಒಳ್ಳೆಯ ಕೆಲಸ. ವೀರ್ಯ ಕೇಂದ್ರದ ಹೋರಿಗಳ ಡಿಎನ್‌ಎ ವಿವರ ಸಾಮಾನ್ಯವಾಗಿ ದಾಖಲೆಯಲ್ಲಿ ಇರುತ್ತೆ. ಕೋಡ್ ಕೊಟ್ಟರೆ ಲ್ಯಾಬ್‌ನವರು ಹೋಲಿಸುತ್ತಾರೆ.

ಮಾದರಿ ಅಂದರೆ ಬಾಲದ ಕೂದಲು. ಕೀಳುವುದು ಹೀಗೆ. ಲಕೋಟೆ ಮೇಲೆ ಗುರುತು ಮೊದಲು ಬರೆಯಿರಿ, ಕೂದಲು ಆಮೇಲೆ. ಬಾಲದ ಕುಚ್ಚು ಒಣಗಿರಬೇಕು, ಸಗಣಿ ಇರಬಾರದು. ಒಂದಷ್ಟು ಕೂದಲನ್ನು ಬೆರಳಿಗೆ ಸುತ್ತಿ, ಬುಡದ ಹತ್ತಿರ ಹಿಡಿದು, ಒಂದೇ ಸಲ ಎಳೆಯಿರಿ. ಕತ್ತರಿಸಿದರೆ ಪ್ರಯೋಜನ ಇಲ್ಲ, ಡಿಎನ್‌ಎ ಇರುವುದು ಬೇರಿನಲ್ಲಿ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಸಣ್ಣ ಬಿಳಿ ಗಂಟು ಕಾಣಬೇಕು. ಅಂಥವು ಮೂವತ್ತು ನಲವತ್ತು ಇರಲಿ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರುತ್ತೆ. ಕಾಗದದ ಲಕೋಟೆಯೇ ಸರಿ. ಒಂದು ಪ್ರಾಣಿ ಮುಗಿಸಿ ಕೈ ತೊಳೆದು ಇನ್ನೊಂದಕ್ಕೆ ಹೋಗಿ. ನಾಲ್ಕೂ ಕೂದಲನ್ನು ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಬಂದು ಹೆಸರು ಬರೆದವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ನಿಮ್ಮ ಈಗಿನ ಸಮಸ್ಯೆಯೇ ಲಕೋಟೆಯೊಳಗೆ ಮತ್ತೆ ಹುಟ್ಟುತ್ತೆ.

ಹೊಸಬ

ಒಂದು ಸಂಶಯ. ರಕ್ತ ತೆಗೆಸಿದರೆ ಇನ್ನೂ ಖಚಿತ ಅಲ್ವಾ? ಕೂದಲು ಯಾಕೆ?

ಕೂದಲಬೇರು

ನಾನು ಇಂಥ ಲ್ಯಾಬ್‌ನಲ್ಲೇ ಕೆಲಸ ಮಾಡುವುದು, ಹಾಗಾಗಿ ಹೇಳುತ್ತೇನೆ. ಒಂಟಿಯಾಗಿ ಹುಟ್ಟಿದ ದನಕ್ಕೆ ಎರಡೂ ಸರಿ. ಅವಳಿಗಳಿಗೆ ಮಾತ್ರ ರಕ್ತ ಬೇಡ. ದನಗಳಲ್ಲಿ ಅವಳಿ ಕರುಗಳ ಮಾಸು ಗರ್ಭದಲ್ಲೇ ಒಂದಕ್ಕೊಂದು ಸೇರಿಕೊಳ್ಳುತ್ತೆ. ರಕ್ತ ಒಂದರಿಂದ ಇನ್ನೊಂದಕ್ಕೆ ಹರಿಯುತ್ತೆ. ರಕ್ತ ಹುಟ್ಟಿಸುವ ಜೀವಕೋಶಗಳೂ ಅದರ ಜೊತೆ ಹೋಗಿ ಅಲ್ಲೇ ನೆಲೆಯಾಗುತ್ತವೆ. ಆಮೇಲೆ ಜೀವಮಾನ ಪೂರ್ತಿ ಒಂದರ ಮೈಯಲ್ಲಿ ಎರಡು ಬಗೆಯ ರಕ್ತ. 1945ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ ಇದನ್ನು ತೋರಿಸಿಕೊಟ್ಟರು. ದನಗಳ ರಕ್ತದ ಗುಂಪು ನೋಡುವಾಗಲೇ ಸಿಕ್ಕ ಸಂಗತಿ ಇದು. ಮುಂದೆ ಮನುಷ್ಯರಲ್ಲಿ ಅಂಗಾಂಗ ಕಸಿಯ ವಿದ್ಯೆಗೂ ಇದು ದಾರಿಯಾಯಿತು. ಗಂಡಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಗರು ನೂರರಲ್ಲಿ ತೊಂಬತ್ತಕ್ಕೂ ಜಾಸ್ತಿ ಬಂಜೆಯಾಗುವುದೂ ಇದೇ ಕಾರಣಕ್ಕೆ.

ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಪರೀಕ್ಷೆ "ಇವಳೇ ತಾಯಿ" ಅಂತ ನೇರವಾಗಿ ಹೇಳುವುದಿಲ್ಲ. "ಇವಳು ತಾಯಿ ಅಲ್ಲ" ಅಂತ ಗಟ್ಟಿಯಾಗಿ ಹೇಳುತ್ತೆ. ಡಿಎನ್‌ಎಯ ಒಂದೊಂದು ಗುರುತಿನ ಜಾಗದಲ್ಲಿ ಕರುವಿಗೆ ಎರಡು ಅಳತೆ ಇರುತ್ತೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಜಾಗದಲ್ಲಿ ಹಸುವಿಗೆ 127 ಮತ್ತು 135 ಇದೆ, ಕರುವಿಗೆ 131 ಮತ್ತು 139 ಇದೆ ಅಂತಿಟ್ಟುಕೊಳ್ಳಿ. ಹಸುವಿನಿಂದ ಬಂದದ್ದು ಏನೂ ಇಲ್ಲ. ಅಂದರೆ ಅವಳು ತಾಯಿ ಅಲ್ಲ. ಒಂದೇ ಜಾಗದಲ್ಲಿ ತಪ್ಪಿದರೆ ಓದಿದ್ದು ತಪ್ಪಿರಬಹುದು ಅಂತ ಮತ್ತೊಮ್ಮೆ ನೋಡುತ್ತೇವೆ. ಎರಡು ಮೂರು ಕಡೆ ತಪ್ಪಿದರೆ ಮಾತು ಮುಗಿಯಿತು.

ಪ್ರಾಣಿ ತಳಿಶಾಸ್ತ್ರದ ಅಂತರರಾಷ್ಟ್ರೀಯ ಸಂಘ ಗೊತ್ತುಮಾಡಿದ 12 ಜಾಗಗಳ ಪಟ್ಟಿ ತುಂಬಾ ಕಾಲದಿಂದ ನಡೆದುಬಂದಿದೆ. ಈಗ ಎಸ್‌ಎನ್‌ಪಿ ಅನ್ನುವ, ಡಿಎನ್‌ಎಯ ಒಂದೊಂದೇ ಅಕ್ಷರದ ವ್ಯತ್ಯಾಸ ನೋಡುವ ಹೊಸ ವಿಧಾನದಲ್ಲಿ ನೂರು, ಇನ್ನೂರು ಜಾಗ ನೋಡುತ್ತಾರೆ. ಒಂದು ವಿಷಯ ಮುಚ್ಚಿಡಬೇಡಿ. ಕೆಂಪಿ, ಚಿನ್ನಿ ಅಕ್ಕತಂಗಿಯರಾ? ಹಾಗಿದ್ದರೆ 12 ಜಾಗ ಸಾಲದೆ ಹೋಗಬಹುದು. ಅರ್ಜಿಯಲ್ಲೇ ಬರೆದುಬಿಡಿ.

ಕರುಹಟ್ಟಿ

ಒಂದೇ ಹೋರಿಯ ಮಕ್ಕಳು, ತಾಯಂದಿರು ಬೇರೆ. ಬರೆಯುತ್ತೇನೆ. ಸುಳಿಯನ್ನೂ ನೋಡಿದೆ. ಫೋಟೋದ ಕರುವಿಗೆ ಸುಳಿ ಕಣ್ಣಿನ ಗೆರೆಗಿಂತ ಮೇಲೆ, ಸ್ವಲ್ಪ ಎಡಕ್ಕಿದೆ. ಈಗಿನ ದೊಡ್ಡ ಕರುವಿಗೂ ಅಲ್ಲೇ ಇದೆ. ಚಿಕ್ಕದಕ್ಕೆ ಸರಿಯಾಗಿ ನಡುವೆ. ಅಂದರೆ ದೊಡ್ಡದೇ 41. ನನ್ನ ಅಂದಾಜು ಸರಿ ಇತ್ತು. ಆದರೂ ಕೂದಲು ಕಳಿಸುತ್ತಿದ್ದೇನೆ.

ಇಕ್ಕಳ

ಫಲಿತಾಂಶ ಬರುವವರೆಗೆ ಓಲೆ ಯಾಕೆ ಬಿತ್ತು ಅಂತ ಮಾತಾಡೋಣ. ಇಪ್ಪತ್ತು ವರ್ಷದಿಂದ ಓಲೆ ಹಾಕುವುದೇ ನನ್ನ ಕೆಲಸ. ಬಿದ್ದ ಓಲೆಗಳಲ್ಲಿ ಜಾಸ್ತಿ ಭಾಗ ಹಾಕಿದ ದಿನವೇ ಬೀಳುವುದಕ್ಕೆ ತಯಾರಾಗಿರುತ್ತೆ.

ಕರುವಿನ ಕಿವಿಯನ್ನು ಎರಡು ಬೆರಳಿನ ನಡುವೆ ಹಿಡಿದು ಸವರಿ ನೋಡಿ. ಒಳಗೆ ಉದ್ದಕ್ಕೆ ಎರಡು ದಪ್ಪ ಏಣು ಸಿಗುತ್ತವೆ. ಅವುಗಳ ನಡುವೆ ತೆಳು ಜಾಗ ಇರುತ್ತೆ. ಬೆಳಕಿಗೆ ಹಿಡಿದರೆ ರಕ್ತನಾಳವೂ ಕಾಣುತ್ತೆ. ಆ ಎರಡು ಏಣಿನ ನಡುವೆ, ನಾಳ ತಪ್ಪಿಸಿ ಚುಚ್ಚಬೇಕು. ಉದ್ದದಲ್ಲಿ ಕಿವಿಯನ್ನು ಮೂರು ಭಾಗ ಮಾಡಿ, ನಡುಭಾಗದಲ್ಲಿ, ತಲೆಯ ಕಡೆಗೆ ವಾಲಿಸಿ ಹಾಕಿ. ತುದಿಗೆ ಹಾಕಿದರೆ ಓಲೆ ಜೋತಾಡಿ ಕಂಬಿಗೆ ಸಿಕ್ಕಿ ಕಿವಿಯನ್ನೇ ಸೀಳುತ್ತೆ. ತೀರಾ ಬುಡಕ್ಕೆ ಹಾಕಿದರೆ ಅಲ್ಲಿ ದಪ್ಪ, ಗಾಳಿ ಆಡುವುದಿಲ್ಲ, ಕೀವಾಗುತ್ತೆ.

ಮೊಳೆ ಕಿವಿಯ ಹಿಂಬದಿಯಿಂದ ಮುಂದಕ್ಕೆ ಬರಬೇಕು, ನಂಬರ್ ಇರುವ ಅಗಲದ ಭಾಗ ಎದುರಿಗಿರಬೇಕು. ಎರಡೂ ಭಾಗ ಸೇರಿದಾಗ "ಟಕ್" ಅಂತ ಸದ್ದು ಬರುತ್ತೆ. ಸದ್ದು ಬಂದ ಕೂಡಲೇ ಇಕ್ಕಳ ಬಿಡಿಸಿಕೊಳ್ಳಿ, ಕರು ತಲೆ ಜಾಡಿಸುತ್ತೆ, ಆಗ ಇಕ್ಕಳ ಇನ್ನೂ ಹಿಡಿದಿದ್ದರೆ ಹೊಸ ತೂತು ಹರಿಯುತ್ತೆ. ಆಮೇಲೆ ಓಲೆಯನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಕಿವಿ ಬೆಳೆಯುತ್ತೆ, ದಪ್ಪ ಆಗುತ್ತೆ, ಅದಕ್ಕೆ ಜಾಗ ಬೇಕು. ಒಂದು ಕಂಪನಿಯ ಓಲೆಗೆ ಇನ್ನೊಂದರ ಇಕ್ಕಳ ಬಳಸಬೇಡಿ. ಮೊಳೆ ಸ್ವಲ್ಪ ಓರೆಯಾಗಿ ಹೋದರೂ ಬೀಗ ಅರ್ಧ ಮಾತ್ರ ಬೀಳುತ್ತೆ. ನಿಮ್ಮ 41ರ ಮೊಳೆ ಮುರಿದದ್ದಕ್ಕೆ ಇದೇ ಕಾರಣ ಇರಬಹುದು, ಇಕ್ಕಳ ಒಮ್ಮೆ ನೋಡಿ.

ಓಲೆ, ಮೊಳೆ, ಕೈ, ಕಿವಿ ಎಲ್ಲವನ್ನೂ ಸೋಂಕುನಾಶಕದಿಂದ ಒರೆಸಿ. ನೊಣ ಜಾಸ್ತಿ ಇರುವ ಕಾಲದಲ್ಲಿ ಹತ್ತು ದಿನ ದಿನಾಲೂ ನೋಡಿ. ಹುಳ ಬೀಳಲು ಒಂದು ದಿನ ಸಾಕು.

ಇನ್ನೊಂದು. ಯಾಕೆ ಒಂದೇ ಕಿವಿಗೆ ಹಾಕಿದಿರಿ? ಎರಡೂ ಕಿವಿಗೆ ಒಂದೇ ನಂಬರ್ ಹಾಕಿದ್ದರೆ ಇವತ್ತು ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಯುರೋಪಿನಲ್ಲಿ ಹುಚ್ಚುಹಸು ರೋಗದ ಗಲಾಟೆ ಆದಮೇಲೆ ಪ್ರತಿ ದನಕ್ಕೂ ಎರಡೂ ಕಿವಿಗೆ ಒಂದೇ ನಂಬರಿನ ಓಲೆ ಕಡ್ಡಾಯ ಮಾಡಿದರು. ಬ್ರಿಟನ್‌ನಲ್ಲಿ ಹಾಲಿನ ತಳಿಯ ಕರುವಿಗೆ ಹುಟ್ಟಿ 36 ಗಂಟೆಯೊಳಗೆ ಒಂದು ಓಲೆ, 20 ದಿನದೊಳಗೆ ಎರಡನೆಯದು. 36 ಗಂಟೆ ಅಂತ ಸುಮ್ನೆ ಇಟ್ಟದ್ದಲ್ಲ. ಹಾಲಿನ ಕರುಗಳನ್ನು ತಾಯಿಯಿಂದ ಬೇಗ ಬೇರೆ ಮಾಡುತ್ತಾರೆ. ಬೇರೆ ಮಾಡಿದ ಮೇಲೆ ಕರುವಿಗೆ ತಾಯಿಯ ಗುರುತು ಅಂತ ಉಳಿಯುವುದು ಓಲೆಯೊಂದೇ.

ಹೊಸಬ

ಇದೆಲ್ಲ ತಲೆನೋವು ಯಾಕೆ, ಎಲೆಕ್ಟ್ರಾನಿಕ್ ಓಲೆ ಹಾಕಿದರೆ ಆಯ್ತಲ್ಲ? ಓದುವ ಯಂತ್ರ ಹಿಡಿದರೆ ತಾನೇ ಹೇಳುತ್ತೆ.

ಇಕ್ಕಳ

ಅದೂ ಓಲೆಯೇ ಅಲ್ವಾ ತಮ್ಮಾ. ಕಿವಿಯಿಂದ ಬಿದ್ದರೆ ಅದೂ ಬಿದ್ದ ಹಾಗೆಯೇ. ಅದರ ಲಾಭ ಬೇರೆ ಕಡೆ ಇದೆ. ಸಗಣಿ ಮೆತ್ತಿದ ನಂಬರನ್ನು ಕಣ್ಣಿಟ್ಟು ಓದಿ, ಕೂಗಿ ಹೇಳಿ, ಇನ್ನೊಬ್ಬರು ಬರೆದುಕೊಳ್ಳುವಾಗ 6 ಹೋಗಿ 8 ಆಗುತ್ತೆ. ಯಂತ್ರ ಓದಿದರೆ ಆ ತಪ್ಪು ಆಗುವುದಿಲ್ಲ.

ಒಳಗಿರುವ ಚಿಪ್‌ಗೆ ಬ್ಯಾಟರಿ ಇಲ್ಲ. ಯಂತ್ರದ ಅಲೆಯಿಂದಲೇ ಜೀವ ಬಂದು ತನ್ನ ನಂಬರ್ ಹೇಳುತ್ತೆ. ದನಗಳಿಗೆ ಬಳಸುವ ಅಲೆ 134.2 ಕಿಲೋಹರ್ಟ್ಸ್. ನಂಬರಿಗೆ 15 ಅಂಕಿ. ಮೊದಲ ಮೂರು ಅಂಕಿ ದೇಶದ್ದು, ಉದಾಹರಣೆಗೆ ಬ್ರಿಟನ್‌ಗೆ 826. ಮೊದಲ ಮೂರು 900ರಿಂದ ಮೇಲಿದ್ದರೆ ಅದು ದೇಶದ ಕೋಡ್ ಅಲ್ಲ, ತಯಾರಕರದ್ದು. ಕೊಳ್ಳುವಾಗ ಇದನ್ನು ನೋಡಿ, ಸರ್ಕಾರದ ದಾಖಲೆಗೆ ಯಾವುದು ನಡೆಯುತ್ತೆ ಅಂತ ವಿಚಾರಿಸಿ. ಪ್ರಾಣಿ ದಾಖಲಾತಿಯ ಅಂತರರಾಷ್ಟ್ರೀಯ ಸಮಿತಿ ಅಂತ ಒಂದಿದೆ, 1951ರಿಂದ ಇದೆ. ಓಲೆಗಳನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುತ್ತೆ. ಆ ಪಟ್ಟಿಯಲ್ಲಿರುವ ಓಲೆಯನ್ನೇ ತಗೊಳ್ಳಿ.

ಕೈಯಲ್ಲಿ ಹಿಡಿಯುವ ಯಂತ್ರವನ್ನು ಕಿವಿಯ ಹತ್ತಿರಕ್ಕೇ ಒಯ್ಯಬೇಕು. ಸುತ್ತ ಕಬ್ಬಿಣದ ಕಟಾಂಜನ ಇದ್ದರೆ ಇನ್ನೂ ಹತ್ತಿರ.

ಕಪ್ಪುಬಿಳುಪು

ನಮ್ಮದು ಹೋಲ್‌ಸ್ಟೀನ್. ಈ ವಿಷಯದಲ್ಲಿ ನಮಗೆ ಅದೃಷ್ಟ. ಒಂದರ ಮಚ್ಚೆಯ ಹಾಗೆ ಇನ್ನೊಂದಕ್ಕೆ ಇರುವುದಿಲ್ಲ. ಕರು ಹುಟ್ಟಿದ ದಿನವೇ ಎಡಗಡೆ, ಬಲಗಡೆ, ಮುಖ, ಮೂರು ಫೋಟೋ. ತಾಯಿಯ ಓಲೆಯೂ ಅದೇ ಚೌಕಟ್ಟಿನಲ್ಲಿ ಬರುವ ಹಾಗೆ ಇನ್ನೊಂದು. ಹಿಂದೆಲ್ಲ ಹಸುವಿನ ಚಿತ್ರ ಅಚ್ಚಾದ ಕಾಗದದ ಮೇಲೆ ಮಚ್ಚೆಗಳನ್ನು ಕೈಯಿಂದ ಬರೆದು ಸಂಘಕ್ಕೆ ಕಳಿಸಬೇಕಿತ್ತು. ನಮ್ಮ ಅಪ್ಪ ಬರೆದ ಅಂಥ ಚಿತ್ರಗಳು ಇನ್ನೂ ಇವೆ. ಕರು ಎದುರು ಕೂತು, ಮಚ್ಚೆಯ ಅಂಚು ಎಲ್ಲಿ ಮಂಡಿಗೆ ಬರುತ್ತೆ, ಎಲ್ಲಿ ಬೆನ್ನು ದಾಟುತ್ತೆ ಅಂತ ಬೆರಳಿಟ್ಟು ನೋಡಿ ಬರೆಯುತ್ತಿದ್ದರು. ಒಮ್ಮೆ ಹಾಗೆ ಬರೆದ ಕರುವನ್ನು ಅವರು ಯಾವತ್ತೂ ಮರೆಯುತ್ತಿರಲಿಲ್ಲ.

ಜೆರ್ಸಿ, ಆಂಗಸ್ ತರಹ ಒಂದೇ ಬಣ್ಣದ ತಳಿಗಳಿಗೆ ಇದು ನಡೆಯುವುದಿಲ್ಲ. ಅಲ್ಲಿ ಮೂತಿಯ ಅಚ್ಚು ತೆಗೆಯಬಹುದು. ಮೂತಿಯ ಮೇಲಿನ ಗೀರು, ಉಬ್ಬುಗಳು ಮನುಷ್ಯರ ಹೆಬ್ಬೆಟ್ಟಿನ ಹಾಗೆ, ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. 1922ರಲ್ಲೇ ಇದರ ಮೇಲೆ ವಿಜ್ಞಾನ ಲೇಖನ ಬಂದಿದೆ. ಆಗ ಮೂತಿ ಒರೆಸಿ, ಶಾಯಿ ಹಚ್ಚಿ, ಕಾಗದ ಒತ್ತುತ್ತಿದ್ದರು. ಎರಡೇ ಉಸಿರಿಗೆ ಮೂತಿ ಮತ್ತೆ ಒದ್ದೆಯಾಗಿ ಶಾಯಿ ಕದಡುತ್ತೆ, ಅದೇ ದೊಡ್ಡ ಕಷ್ಟ. ಈಗ ಫೋನಿನಲ್ಲಿ ಹತ್ತಿರದಿಂದ ಸ್ಪಷ್ಟ ಫೋಟೋ ತೆಗೆದರೂ ಆಯಿತು. ಕರುಹಟ್ಟಿಯವರೇ, ಈಗಲೇ ಎರಡಕ್ಕೂ ತೆಗೆದಿಡಿ.

ಹಳೇಪುಸ್ತಕ

ಹಚ್ಚೆಯನ್ನು ಯಾರೂ ಎತ್ತಲಿಲ್ಲ. ನನಗೆ ಹಚ್ಚೆಯ ಮೇಲೆ ಇರುವಷ್ಟು ನಂಬಿಕೆ ಬೇರೆ ಯಾವುದರ ಮೇಲೂ ಇಲ್ಲ. ಓಲೆ ದೂರದಿಂದ ಓದುವುದಕ್ಕೆ, ಹಚ್ಚೆ ಉಳಿಯುವುದಕ್ಕೆ. ಬಹಳ ತಳಿ ಸಂಘಗಳು ಇವತ್ತಿಗೂ ಹಚ್ಚೆ ಕೇಳುವುದು ಸುಮ್ನೆ ಅಲ್ಲ.

ಆದರೆ ಆತುರದಲ್ಲಿ ಹಾಕಿದ ಹಚ್ಚೆ ಒಂದೇ ವರ್ಷಕ್ಕೆ ಮಸುಕಾಗುತ್ತೆ. ಮೊದಲು ಅಕ್ಷರಗಳನ್ನು ಇಕ್ಕಳಕ್ಕೆ ಹಾಕಿ ಒಂದು ರಟ್ಟಿನ ಮೇಲೆ ಒತ್ತಿ ನೋಡಿ. ನಂಬರ್ ತಿರುವುಮುರುವು ಕೂತಿದ್ದರೆ ರಟ್ಟಿನ ಮೇಲೇ ಗೊತ್ತಾಗಲಿ, ಕಿವಿಯ ಮೇಲಲ್ಲ. ಕಿವಿಯ ಒಳಗಡೆ ಮೇಣದಂಥ ಕೊಳೆ ಇರುತ್ತೆ, ಸ್ಪಿರಿಟ್ ಹಾಕಿ ಬಟ್ಟೆಯಿಂದ ಒರೆಸಿ ಒಣಗಿಸಿ. ಅದು ಉಳಿದರೆ ಶಾಯಿ ಚರ್ಮಕ್ಕೆ ಇಳಿಯುವುದಿಲ್ಲ. ಶಾಯಿ ಬಳಿದು, ಏಣುಗಳ ನಡುವಿನ ಜಾಗದಲ್ಲಿ ಗಟ್ಟಿಯಾಗಿ ಒತ್ತಿ, ತಕ್ಷಣ ಬಿಡಿ. ಚುಚ್ಚಿದ ಚುಕ್ಕೆಗಳ ಮೇಲೆ ಮತ್ತೆ ಶಾಯಿ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಒಂದೊಂದು ಚುಕ್ಕೆಯ ಒಳಗೂ ಶಾಯಿ ಹೋಗಬೇಕು. ಕಪ್ಪು ಚರ್ಮದ ಕಿವಿಗೆ ಹಸಿರು ಶಾಯಿ. ಗಾಯ ಪೂರ್ತಿ ಮಾಯುವವರೆಗೆ ಕೆರೆದು ನೋಡಲು ಹೋಗಬೇಡಿ. ಎಷ್ಟೋ ವರ್ಷ ಆದಮೇಲೆ ಓದುವುದಕ್ಕೆ ಕಷ್ಟವಾದರೆ, ಕತ್ತಲಲ್ಲಿ ಕಿವಿಯ ಹಿಂದೆ ಟಾರ್ಚ್ ಹಿಡಿಯಿರಿ. ಅಕ್ಷರ ಎದ್ದು ಕಾಣುತ್ತೆ.

ಹೊಸಬ

ಮೈಮೇಲೆ ಬಿಳಿ ಕೂದಲಲ್ಲಿ ನಂಬರ್ ಇರುವ ಹಸುಗಳನ್ನು ನೋಡಿದ್ದೇನೆ. ಅದು ಬರೆನಾ?

ಪಶುವೈದ್ಯೆ

ಅದು ತಣ್ಣನೆಯ ಬರೆ. 1966ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕೀತ್ ಫಾರೆಲ್ ಅನ್ನುವ ಪಶುವೈದ್ಯರು ತಂದ ವಿಧಾನ. ತಾಮ್ರದಂಥ ಲೋಹದ ಅಚ್ಚನ್ನು ದ್ರವ ಸಾರಜನಕದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ತಣ್ಣಗೆ ಮಾಡಿ, ಕೂದಲು ಬೋಳಿಸಿದ ಚರ್ಮಕ್ಕೆ ಒತ್ತುತ್ತಾರೆ. ಕೂದಲಿಗೆ ಬಣ್ಣ ಕೊಡುವ ಕೋಶ ಸಾಯುತ್ತೆ, ಕೂದಲು ಹುಟ್ಟಿಸುವ ಕೋಶ ಉಳಿಯುತ್ತೆ. ಹಾಗಾಗಿ ಕೆಲವು ವಾರ ಕಳೆದ ಮೇಲೆ ಅಲ್ಲಿ ಬಿಳಿ ಕೂದಲು ಬರುತ್ತೆ. ಬಿಳಿ ದನಕ್ಕೆ ಹೆಚ್ಚು ಹೊತ್ತು ಒತ್ತಿ ಕೂದಲೇ ಬರದ ಹಾಗೆ ಮಾಡಬೇಕಾಗುತ್ತೆ.

ಬೆಂಕಿಯ ಬರೆಗಿಂತ ನೋವು ಕಡಿಮೆ. ನೋವೇ ಇಲ್ಲ ಅನ್ನುವುದು ಸುಳ್ಳು. ಹಾಲು ಕರೆಯುವವರಿಗೆ ಹಿಂದಿನಿಂದಲೇ ನಂಬರ್ ಕಾಣುವುದು ದೊಡ್ಡ ಅನುಕೂಲ, ನಿಜ. ಆದರೆ ಹತ್ತು ಹದಿನೈದು ದನ ಇರುವ ಕಡೆ ನಾನು ಇದನ್ನು ಹೇಳುವುದಿಲ್ಲ. ಓಲೆ, ಹಚ್ಚೆ, ಡಿಎನ್‌ಎ ಇದ್ದರೆ ಸಾಕು.

ಕಪ್ಪುಬಿಳುಪು

ಇಲ್ಲಿ ನನ್ನದು ಬೇರೆ ಅಭಿಪ್ರಾಯ, ಡಾಕ್ಟ್ರೇ. ದೊಡ್ಡ ಮಂದೆಯಲ್ಲಿ ದಿನಕ್ಕೆ ಎರಡು ಸಲ ನೂರಾರು ಹಸು ಕರೆಯುವಾಗ ಕಿವಿ ಯಾರಿಗೂ ಕಾಣುವುದಿಲ್ಲ. ಔಷಧಿ ಹಾಕಿದ ಹಸುವಿನ ಹಾಲು ತಪ್ಪಿ ಎಲ್ಲರ ಹಾಲಿಗೆ ಸೇರದಂತೆ ಕಾಯುವುದು ಆ ಬಿಳಿ ನಂಬರೇ. ದನ ಎಷ್ಟಿವೆ ಅನ್ನುವುದರ ಮೇಲೆ ಹೋಗಬೇಕು.

ಪಶುವೈದ್ಯೆ

ಆ ಮಾತು ಒಪ್ಪುತ್ತೇನೆ. ಮಾಡುವುದಾದರೆ ತಿಳಿದವರ ಕೈಯಲ್ಲಿ, ಕಾಲ ಲೆಕ್ಕ ಇಟ್ಟುಕೊಂಡು ಆಗಲಿ.

ಹೊಸಬ

ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಹಸು ಚೆನ್ನಾಗಿ ಹಾಲು ಕೊಟ್ಟರೆ ಅಜ್ಜಿ ಯಾರಾದರೇನು? ಕಾಗದಕ್ಕೆ ಇಷ್ಟು ಮಹತ್ವ ಯಾಕೆ?

ಹಳೇಪುಸ್ತಕ

ಕೇಳಿದ್ದು ಒಳ್ಳೆಯದೇ ಆಯಿತು. ದನಗಳ ಮೊದಲ ತಳಿ ಪುಸ್ತಕ ಬಂದದ್ದು 1822ರಲ್ಲಿ, ಇಂಗ್ಲೆಂಡಿನಲ್ಲಿ, ಶಾರ್ಟ್‌ಹಾರ್ನ್ ತಳಿಗೆ, ಜಾರ್ಜ್ ಕೋಟ್ಸ್ ಅನ್ನುವವರ ಕೈಯಿಂದ. ಒಂದು ದನ ತನ್ನ ಮಕ್ಕಳಿಗೆ ಏನು ಕೊಡುತ್ತೆ ಅನ್ನುವುದು ಅದನ್ನು ನೋಡಿದರೆ ಗೊತ್ತಾಗುವುದಿಲ್ಲ. ಅದರ ಮಕ್ಕಳು, ಅಕ್ಕತಂಗಿಯರು ಏನಾದರು ಅಂತ ನೋಡಿದರೆ ಗೊತ್ತಾಗುತ್ತೆ. ಹೋರಿ ಹಾಲು ಕೊಡುವುದಿಲ್ಲ ತಾನೇ? ಅದರ ಬೆಲೆ ಗೊತ್ತಾಗುವುದು ಮಗಳಂದಿರ ಹಾಲಿನ ಲೆಕ್ಕದಿಂದ. ಮಗಳು ಅಂತ ಬರೆದದ್ದೇ ತಪ್ಪಾದರೆ ಲೆಕ್ಕವೂ ತಪ್ಪು.

ಕೂದಲಬೇರು

ಆ ತಪ್ಪು ಎಷ್ಟಿರುತ್ತೆ ಅಂದರೆ, 2002ರಲ್ಲಿ ಬ್ರಿಟನ್ನಿನ ಹಾಲಿನ ಹಸುಗಳ ಮೇಲೆ ಬಂದ ಒಂದು ಅಧ್ಯಯನದಲ್ಲಿ ದಾಖಲೆಯ ತಂದೆಯ ಹೆಸರು ಸುಮಾರು ಶೇ 10ರಷ್ಟು ಕಡೆ ತಪ್ಪಿತ್ತು. ಮೋಸ ಇರಬೇಕಿಲ್ಲ. ಕಡ್ಡಿಯ ಕೋಡ್ ತಪ್ಪು ಬರೆದದ್ದು, ಕರು ಅದಲುಬದಲಾದದ್ದು, ಇಂಥವೇ ಸಾಕು.

ಸರಿಯಾದ ವಂಶಾವಳಿ ಏನು ಮಾಡಬಲ್ಲದು ಅನ್ನುವುದಕ್ಕೆ ಒಂದು ಉದಾಹರಣೆ. 1962ರಲ್ಲಿ ಹುಟ್ಟಿದ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಅನ್ನುವ ಹೋಲ್‌ಸ್ಟೀನ್ ಹೋರಿಗೆ 16,000 ಮಗಳಂದಿರು. ಮಗಳಂದಿರು ಹಾಲಿನಲ್ಲಿ ಬಹಳ ಮುಂದೆ. ಅದರ ಜೊತೆಗೇ ಆ ಹೋರಿಯಲ್ಲಿ ಒಂದು ದೋಷದ ಜೀನ್ ಇತ್ತು. ತಾಯಿ, ತಂದೆ ಎರಡೂ ಕಡೆಯಿಂದ ಅದು ಬಂದರೆ ಗರ್ಭ ನಿಲ್ಲುವುದಿಲ್ಲ. ದಶಕಗಳ ಕಾಲ ಯಾರಿಗೂ ತಿಳಿಯಲಿಲ್ಲ. ಹಸು ಮತ್ತೆ ಬೆದೆಗೆ ಬಂತು ಅಂತ ಅಷ್ಟೇ ಬರೆದುಕೊಂಡರು. ಹೀಗೆ ಜಗತ್ತಿನಲ್ಲೆಲ್ಲ 5 ಲಕ್ಷಕ್ಕೂ ಹೆಚ್ಚು ಗರ್ಭ ಹೋಗಿರಬೇಕು ಅಂತ ಆಮೇಲೆ ಅಂದಾಜು ಮಾಡಿದರು. 2011ರಲ್ಲಿ ಡಿಎನ್‌ಎ ಲೆಕ್ಕದಲ್ಲಿ ಅದರ ಸುಳಿವು ಸಿಕ್ಕಿತು. ತಲೆಮಾರುಗಳ ದಾಖಲೆ ಇದ್ದುದರಿಂದ ಅದನ್ನು ಹಿಡಿದು ಆ ಒಂದು ಹೋರಿಯವರೆಗೆ ಹೋಗಲು ಆಯಿತು. ಈಗ ಆ ಜೀನ್ ಇರುವ ಹಸುವಿಗೆ ಅದೇ ಜೀನ್ ಇರುವ ಹೋರಿಯ ಕಡ್ಡಿ ಹಾಕದೆ ತಪ್ಪಿಸಬಹುದು.

ಹೊಸಬ

ಅರ್ಥವಾಯಿತು. ಧನ್ಯವಾದ.

ಕರುಹಟ್ಟಿ (ಮೂರು ವಾರದ ನಂತರ)

ಫಲಿತಾಂಶ ಬಂತು. ನಾನು ಎರಡು ಸಲ ಓದಿದೆ, ಆಮೇಲೆ ಮನೆಯವರಿಗೆ ಕೊಟ್ಟು ಓದಿಸಿದೆ.

ದೊಡ್ಡ ಕರು ಕೆಂಪಿಯದಲ್ಲ. ಐದು ಜಾಗದಲ್ಲಿ ಹೊಂದುವುದಿಲ್ಲ. ಚಿನ್ನಿಗೂ, ಚಿನ್ನಿಗೆ ಹಾಕಿಸಿದ ಹೋರಿಗೂ ಎಲ್ಲ ಜಾಗದಲ್ಲೂ ಹೊಂದುತ್ತೆ. ಚಿಕ್ಕದು ಕೆಂಪಿಯ ಮಗಳು.

ಅಂದರೆ ನನ್ನ ಅಂದಾಜು ಸರಿಯಾಗಿತ್ತು. ದೊಡ್ಡದೇ 41. ಸುಳಿಯೂ ಅದನ್ನೇ ಹೇಳಿತು. ಆದರೆ 41ನ್ನು ಕೆಂಪಿಯ ಮಗಳು ಅಂತ ಬರೆದದ್ದೇ ತಪ್ಪು. ಆ ರಾತ್ರಿ ಕೆಂಪಿ ಚಿನ್ನಿಯ ಕರುವನ್ನು ತನ್ನದು ಮಾಡಿಕೊಂಡಿದ್ದಾಳೆ. ನಾಲ್ಕು ದಿನ ನನ್ನ ಕಣ್ಣೆದುರೇ ಹಾಲು ಕುಡಿಸಿದ್ದಾಳೆ. ಓಲೆ ಬೀಳದೇ ಇದ್ದಿದ್ದರೆ ನಾನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅರ್ಜಿ ಹಾಗೇ ಹೋಗುತ್ತಿತ್ತು. ಅದನ್ನು ನೆನೆದರೆ ಮೈ ತಣ್ಣಗಾಗುತ್ತೆ.

ಈಗ ಪುಸ್ತಕದಲ್ಲಿ ಹೇಗೆ ತಿದ್ದುವುದು? ಆ ಹಾಳೆ ಹರಿದು ಹೊಸದಾಗಿ ಬರೆಯಲಾ?

ಹಳೇಪುಸ್ತಕ

ಹರಿಯಬೇಡಿ, ಬಿಳಿ ಶಾಯಿಯನ್ನೂ ಹಚ್ಚಬೇಡಿ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಕ್ಷರ ಓದುವ ಹಾಗಿರಲಿ. ಪಕ್ಕದಲ್ಲಿ ಸರಿಯಾದದ್ದು, ತಾರೀಕು, ಪರೀಕ್ಷೆಯ ವರದಿಯ ನಂಬರ್, ನಿಮ್ಮ ಸಹಿ. ಕರುವಿನ ನಂಬರ್ ಬದಲಿಸಬೇಡಿ. 41 ಅನ್ನುವುದು 41 ಆಗಿಯೇ ಇರಲಿ, ತಾಯಿಯ ಹೆಸರು ಮಾತ್ರ ಬದಲಾಗಲಿ. ವರದಿಯ ಪ್ರತಿಯನ್ನು ಅರ್ಜಿಯ ಜೊತೆ ಕಳಿಸಿ, ಆದದ್ದನ್ನು ಇದ್ದ ಹಾಗೆ ಬರೆಯಿರಿ.

ಕರುಹಟ್ಟಿ

ಹಾಗೇ ಮಾಡಿದೆ. ನಿನ್ನೆ ಎರಡೂ ಕಿವಿಗೆ ಓಲೆ ಹಾಕಿದೆವು, ಈ ಸಲ ಅದೇ ಕಂಪನಿಯ ಇಕ್ಕಳದಿಂದ. ಟಕ್ ಅಂದಿತು, ತಿರುಗಿಸಿ ನೋಡಿದೆ, ತಿರುಗಿತು. ಹಚ್ಚೆಯೂ ಆಯಿತು. ನಮ್ಮ ಸಂಘದವರು ವರ್ಷಕ್ಕೊಂದು ಅಕ್ಷರ ಹಾಕಬೇಕು ಅಂದರು. 2025ಕ್ಕೆ ಎನ್. ಮುಂದಿನ ವರ್ಷಕ್ಕೆ ಓ ತಾನೇ?

ಹಳೇಪುಸ್ತಕ

ಅಲ್ಲ, 2026ಕ್ಕೆ ಪಿ. ಐ, ಓ, ಕ್ಯೂ, ವಿ ನಾಲ್ಕನ್ನೂ ಬಿಟ್ಟಿದ್ದಾರೆ. ಹಚ್ಚೆಯಲ್ಲಿ ಐ ಅನ್ನು 1 ಅಂತಲೂ, ಓ ಮತ್ತು ಕ್ಯೂವನ್ನು ಸೊನ್ನೆ ಅಂತಲೂ, ವಿಯನ್ನು ಯು ಅಂತಲೂ ಓದಿಬಿಡುತ್ತಾರೆ.

ಒಂದು ಕೇಳಬೇಕು. ಆ ಈಯುವ ಕೋಣೆಯಲ್ಲಿ ಒಟ್ಟಿಗೆ ಹುಟ್ಟಿದ ಬೇರೆ ಕರುಗಳಿವೆಯಾ?

ಕರುಹಟ್ಟಿ

ಇವೆ. ಹೋದ ವರ್ಷದ ಮೂರು ಕಡಸುಗಳು. ಒಂದು ಈಗ ಗಬ್ಬ. ಅವಕ್ಕೂ ಮೂರನೇ ದಿನವೋ ನಾಲ್ಕನೇ ದಿನವೋ ಓಲೆ ಹಾಕಿದ್ದು. ನಾಳೆ ಬೆಳಿಗ್ಗೆ ಕೂದಲು ಕೀಳುತ್ತೇನೆ. ಆರು ಲಕೋಟೆ ಮೇಜಿನ ಮೇಲಿವೆ, ಮೂರು ಕಡಸುಗಳದು, ಮೂರು ತಾಯಂದಿರದು. ನಂಬರ್ ಈಗಷ್ಟೇ ಬರೆದು ಮುಗಿಸಿದೆ.